ಲೋಕ ಅದಾಲತ್‌ನಲ್ಲಿ ‘ರಾಜಿ’ ಅಂದ್ರೆ ಸೋತ ಹಾಗಾ?

ತೆಂಗಿನತೋಟ:
ನಮಗೂ ದೊಡ್ಡಪ್ಪನ ಮಗನಿಗೂ ಬದುವಿನ ಮೇಲಿನ ನಾಲ್ಕು ತೆಂಗಿನ ಮರದ ಜಗಳ. ಆರು ವರ್ಷದಿಂದ ವಾಯಿದೆಗೆ ಅಲೆಯುತ್ತಿದ್ದೇವೆ. ಈಗ ಕೇಸು ಲೋಕ ಅದಾಲತ್‌ಗೆ ಬಂದಿದೆ. ವಕೀಲರು ರಾಜಿ ಆಗಿಬಿಡಿ ಅಂತಾರೆ. ಅಪ್ಪ ಒಪ್ಪುತ್ತಿಲ್ಲ. ‘ಹಿಂದೆ ಊರ ಪಂಚಾಯ್ತಿಲೂ ರಾಜಿ ಆಗಿತ್ತು. ಒಂದೇ ಕೊಯ್ಲಿಗೆ ಮಾತು ತಪ್ಪಿದ’ ಅಂತಾರೆ. ಎರಡಕ್ಕೂ ಏನಾದ್ರೂ ವ್ಯತ್ಯಾಸ ಇದೆಯಾ?

ಹಳೇ ಶಿರಸ್ತೇದಾರ:
ಇದೆ, ಬಹಳ ಇದೆ. ಊರಲ್ಲಿ ಬರೆದ ಕಾಗದ ಮುರಿದರೆ ಅದನ್ನು ಹಿಡಿದುಕೊಂಡು ಮತ್ತೆ ದಾವೆ ಹಾಕಬೇಕು. ಲೋಕ ಅದಾಲತ್‌ನ ರಾಜಿ ಹಾಗಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ, ಅಂದ್ರೆ ತೀರ್ಪಿನ ಆದೇಶಕ್ಕೆ ಸಮ. ಅವರು ತಪ್ಪಿದರೆ ಅದನ್ನು ಜಾರಿ ಮಾಡಿಸಿ ಅಂತ ನೇರವಾಗಿ ಕೋರ್ಟಿಗೆ ಅಮಲ್ಜಾರಿ ಅರ್ಜಿ ಹಾಕಬಹುದು. ಕಟ್ಟಿದ ಕೋರ್ಟ್ ಶುಲ್ಕವೂ ವಾಪಸ್ ಬರುತ್ತದೆ.

ಆದರೆ ಅಪೀಲು ಇಲ್ಲ. ಅದಕ್ಕೇ ಬರೆಸುವಾಗ ಹುಷಾರು. ನಾನು ನೋಡಿದ ಒಂದು ರಾಜಿ ಅರ್ಜಿಯಲ್ಲಿ ‘ಮೂಡಣ ದಿಕ್ಕಿನ ಮರಗಳು ವಾದಿಗೆ’ ಅಂತಷ್ಟೇ ಇತ್ತು. ಎಷ್ಟು ಮರ, ಎಲ್ಲಿಂದ ಮೂಡಣ, ಯಾರಿಗೆ ಗೊತ್ತು! ಅಮಲ್ಜಾರಿಗೆ ಬಂದಾಗ ಎರಡೂ ಕಡೆಯವರು ಒಂದೇ ಮರಕ್ಕೆ ಕೈ ತೋರಿಸಿದರು. ಸರ್ವೆ ನಂಬರ್, ಬಾಂದು ಕಲ್ಲಿನಿಂದ ಎಷ್ಟು ಅಡಿ, ಕಾಯಿ ಕೆಡವಲು ಪಕ್ಕದವರ ತೋಟಕ್ಕೆ ಕಾಲಿಡಬಹುದಾ, ಎಲ್ಲಾ ಬರೆಸಿ. ಒಂದು ನಕ್ಷೆ ಲಗತ್ತಿಸಿದರೆ ಇನ್ನೂ ಒಳ್ಳೇದು.

ಕರಿಕೋಟು:
ಸರ್ ಹೇಳಿದ್ದು ಸರಿ. ಒಂದು ಸೇರಿಸ್ತೀನಿ. ಅಲ್ಲಿ ಕೂತವರು ನಿಮ್ಮ ಮೇಲೆ ತೀರ್ಪು ಹೇರುವ ಹಾಗಿಲ್ಲ. ಒಪ್ಪಿಗೆ ಆಗದಿದ್ದರೆ ಫೈಲು ವಾಪಸ್ ಕೋರ್ಟಿಗೆ ಹೋಗುತ್ತದೆ, ಕೇಸು ನಿಂತಲ್ಲಿಂದ ಮುಂದುವರಿಯುತ್ತದೆ. ಆರ್ಬಿಟ್ರೇಷನ್ ಬೇರೆ, ಅಲ್ಲಿ ಮಧ್ಯಸ್ಥರೇ ತೀರ್ಮಾನ ಕೊಡ್ತಾರೆ. ಜನ ಎರಡನ್ನೂ ಸುಮ್ನೆ ‘ಮಧ್ಯಸ್ಥಿಕೆ’ ಅಂದುಬಿಡ್ತಾರೆ, ಗೊಂದಲ ಅಲ್ಲೇ ಶುರು. ಮೋಸ ಮಾಡಿ ಸಹಿ ಹಾಕಿಸಿಕೊಂಡಿದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು. ‘ಆಮೇಲೆ ಮನಸ್ಸು ಬದಲಾಯ್ತು’ ಅಂದ್ರೆ ಕೇಳಲ್ಲ.

ತೆಂಗಿನತೋಟ:
ಇಬ್ಬರಿಗೂ ಥ್ಯಾಂಕ್ಸ್. ಅಪ್ಪನಿಗೆ ಪೂರ್ತಿ ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಮೂರನೇ ಮರ ನಾನೇ ನೆಟ್ಟಿದ್ದು, ಅದನ್ನು ಬಿಡಬೇಡ’ ಅಂದರು. ಅಂದ್ರೆ ಮಿಕ್ಕಿದ್ದರಲ್ಲಿ ಮಾತಾಡಬಹುದು ಅಂತ ತಾನೇ? ದೊಡ್ಡಪ್ಪನ ಮಗ ಅಣ್ಣನಿಗೆ ಫೋನ್ ಮಾಡಿದ್ದೇನೆ. ಭಾನುವಾರ ಬೆಳಿಗ್ಗೆ ಟೇಪು ತಗೊಂಡು ಬದುವಿನ ಹತ್ತಿರ ಬರ್ತಾನಂತೆ.