ಉಪ್ಪುನೀರಿಗೆ ಸ್ವಂತ ಜೆಟ್ ಸ್ಕೀ: ಸ್ಪಾರ್ಕ್ ತಗೊಳ್ಳೋದಾ, ವಿಎಕ್ಸ್ ತಗೊಳ್ಳೋದಾ?

ಹೊಳೆಬದಿಮನೆ:

ಎಲ್ಲರಿಗೂ ನಮಸ್ಕಾರ. ಮನೆ ಗಂಗೊಳ್ಳಿ ಹತ್ತಿರ, ಪಂಚಗಂಗಾವಳಿ ದಡದಲ್ಲೇ. ಕೆಲಸ ಬೆಂಗಳೂರಲ್ಲಿ, ಊರಿಗೆ ಬರೋದು ತಿಂಗಳಿಗೆ ಎರಡು ಸಲ. ಸೆಕೆಂಡ್ ಹ್ಯಾಂಡ್ ಜೆಟ್ ಸ್ಕೀ ಎರಡು ನೋಡಿಟ್ಟಿದ್ದೇನೆ. ಒಂದು ಸೀ-ಡೂ ಸ್ಪಾರ್ಕ್ 90 ಎಚ್‌ಪಿ, ಇಬ್ಬರು ಕೂರುವಂಥದ್ದು. ಇನ್ನೊಂದು ಯಮಹಾ ವಿಎಕ್ಸ್, ಮೂರು ಸೀಟು, ಒಂದು ಬೀಚ್‌ನಲ್ಲಿ ಬಾಡಿಗೆಗೆ ಓಡಿದ್ದು. ಹೊಳೆಯಲ್ಲಿ ಸುತ್ತಾಡೋದು, ಸಮುದ್ರ ಶಾಂತ ಇದ್ದ ದಿನ ಅಳಿವೆ ದಾಟಿ ಹೊರಗೆ ಹೋಗೋದು, ಮಕ್ಕಳನ್ನ ಟ್ಯೂಬ್ ಮೇಲೆ ಕೂರಿಸಿ ಎಳೆಯೋದು, ಆಸೆ ಇಷ್ಟೇ. ಯಾವುದು ಸರಿ? ಉಪ್ಪುನೀರಲ್ಲಿ ಎಷ್ಟು ದಿನ ಬಾಳುತ್ತೆ? ಮಾರುವವರು "ಓಡಿಸಿದ ಮೇಲೆ ಮೇಲಿಂದ ನೀರು ಹೊಯ್ದರೆ ಸಾಕು" ಅಂತಾರೆ. ಅಷ್ಟೇನಾ?

ಪಂಪುಶೆಡ್:

ಮೇಲಿಂದ ನೀರು ಹೊಯ್ದರೆ ತೊಳೆಯೋದು ಬಣ್ಣ ಮಾತ್ರ ಮಾರಾಯ್ರೇ. ಉಪ್ಪು ಕೂತಿರೋದು ಒಳಗೆ.

ವಿಎಕ್ಸ್ ಎಂಜಿನ್ ತಣ್ಣಗಾಗೋದು ಹೊಳೆ ನೀರಿನಿಂದಲೇ. ಗಾಡಿಯನ್ನ ಮುಂದೆ ದೂಡುವ ಜೆಟ್ ಪಂಪಿನಿಂದ ಒಂದು ಪಾಲು ನೀರು ಎಂಜಿನ್ ಸುತ್ತ ಹೋಗಿ ಎಕ್ಸಾಸ್ಟ್ ಮೂಲಕ ಹೊರಗೆ ಬೀಳುತ್ತೆ. ಸ್ಪಾರ್ಕ್‌ನಲ್ಲಿ ಎಂಜಿನ್ನಿಗೆ ಕಾರಿನ ಹಾಗೆ ಒಳಗೇ ಸುತ್ತುವ ಕೂಲೆಂಟ್ ಇದೆ, ಆದರೆ ಎಕ್ಸಾಸ್ಟಿಗೆ ಮಾತ್ರ ಹೊರಗಿನ ನೀರೇ. ಹಾಗಾಗಿ ಎರಡನ್ನೂ ಫ್ಲಶ್ ಮಾಡಲೇಬೇಕು, ಅಂದ್ರೆ ಒಳಗೆ ಸಿಹಿನೀರು ಹಾಯಿಸಿ ತೊಳೆಯಬೇಕು. ಮಾಡದೆ ಹದಿನೈದು ದಿನ ಬಿಟ್ಟು ಬೆಂಗಳೂರಿಗೆ ಹೋದಿರಿ ಅಂದ್ರೆ ಒಳಗಿನ ನೀರು ಆರಿ ಉಪ್ಪು ಹರಳುಗಟ್ಟಿ, ಮೊದಲು ಸಣ್ಣ ಕೊಳವೆಗಳು ಕಟ್ಟಿಕೊಳ್ಳುತ್ತವೆ.

ಕ್ರಮ ತಪ್ಪಿದರೆ ಎಂಜಿನ್ನೇ ಹೋಗುತ್ತೆ, ಗಮನ ಇಟ್ಟು ಓದಿ. ಗಾಡಿ ದಡದಲ್ಲಿ, ಟ್ರೇಲರ್ ಮೇಲೆ. ಪೈಪನ್ನ ಫ್ಲಶ್ ಕನೆಕ್ಟರಿಗೆ ಸಿಕ್ಕಿಸಿ, ನಲ್ಲಿ ಬಂದ್ ಇರಲಿ. ಮೊದಲು ಎಂಜಿನ್ ಸ್ಟಾರ್ಟ್, ಕೂಡಲೇ ನಲ್ಲಿ ತೆರೆಯಿರಿ. ಯಮಹಾದಲ್ಲಿ ಐಡಲ್‌ನಲ್ಲೇ (ಆಕ್ಸಿಲರೇಟರ್ ಒತ್ತದೆ) ಮೂರು ನಿಮಿಷ. ಮುಗಿಸುವಾಗ ತಿರುವುಮುರುವು: ಮೊದಲು ನಲ್ಲಿ ಬಂದ್, ಆಮೇಲೆ ಹತ್ತು ಹದಿನೈದು ಸೆಕೆಂಡ್ ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪ ಒತ್ತಿ ಬಿಟ್ಟು ನಿಂತ ನೀರನ್ನ ಹೊರಗೆ ಉಗಿಸಿ, ಕೊನೆಗೆ ಎಂಜಿನ್ ಆಫ್. ಎಂಜಿನ್ ನಿಂತಿರುವಾಗ ನೀರು ಬಿಟ್ಟರೆ ಅದನ್ನ ಹೊರಗೆ ದೂಡುವ ಹೊಗೆಯ ಒತ್ತಡ ಇರೋದಿಲ್ಲ. ನೀರು ಎಕ್ಸಾಸ್ಟಿನಲ್ಲಿ ಹಿಂದಕ್ಕೆ ಏರಿ ಸಿಲಿಂಡರಿಗೆ ಇಳಿಯುತ್ತೆ. ನೀರು ಗಾಳಿಯ ಹಾಗೆ ಕುಗ್ಗೋದಿಲ್ಲ. ಮುಂದಿನ ಸಲ ಸ್ಟಾರ್ಟ್ ಒತ್ತಿದಾಗ ಕನೆಕ್ಟಿಂಗ್ ರಾಡ್ ಬಗ್ಗಿದರೆ ಎಂಜಿನ್ ಬಿಚ್ಚದೆ ದಾರಿಯಿಲ್ಲ.

ಸ್ಪಾರ್ಕ್‌ಗೆ ಇನ್ನೊಂದು ಮಾತು. ನೀರಿನ ಹೊರಗೆ ಎರಡು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ಫ್ಲಶ್ ನೀರು ಹೋಗ್ತಾ ಇದ್ದರೂ ಅಷ್ಟೇ. ಎಂಜಿನ್ನಿನಿಂದ ಪಂಪಿಗೆ ಹೋಗುವ ಡ್ರೈವ್ ಶಾಫ್ಟ್ ಹಲ್‌ನಿಂದ (ಗಾಡಿಯ ಕೆಳಮೈಯಿಂದ) ಹೊರಬೀಳುವ ಕಡೆ ಒಂದು ಕಾರ್ಬನ್ ಸೀಲ್ ಇದೆ. ಅದು ತಣ್ಣಗಿರೋದು ಹೊಳೆ ನೀರಿನಿಂದ. ಒಣಗಿ ಸುಟ್ಟರೆ ಮುಂದಿನ ಸಲ ನೀರು ಒಳಗೆ ಸೋರುತ್ತೆ.

ಫ್ಲಶ್ ಆದ ಮೇಲೆ ಹಿಂದಿನ ಎರಡೂ ಡ್ರೈನ್ ಪ್ಲಗ್ ಬಿಚ್ಚಿ, ಮೂತಿ ಎತ್ತರ ಮಾಡಿ ನೀರು ಬಸಿಯಿರಿ. ಸೀಟು ತೆಗೆದು ಗಾಳಿಯಾಡಿಸಿ. ಬ್ಯಾಟರಿ ಟರ್ಮಿನಲ್ಲಿಗೆ ಗ್ರೀಸ್, ಎಂಜಿನ್ ಮೇಲೆ ಸಿಲಿಕೋನ್ ಸ್ಪ್ರೇ. ಎಲ್ಲಾ ಸೇರಿ ಮುಕ್ಕಾಲು ಗಂಟೆ. ಒಂದು ಗಂಟೆ ಆಟಕ್ಕೆ ಮುಕ್ಕಾಲು ಗಂಟೆ ಚಾಕರಿ, ಈ ಲೆಕ್ಕ ಒಪ್ಪಿಗೆ ಆದರೆ ಮಾತ್ರ ಮುಂದಿನ ಮಾತು.

ಮತ್ತೆ ಆ ಡ್ರೈನ್ ಪ್ಲಗ್ ನೀರಿಗೆ ಇಳಿಸುವ ಮೊದಲು ವಾಪಸ್ ಹಾಕಿ. ಜೆಟ್ ಸ್ಕೀ ಮುಳುಗುವ ಕತೆಗಳಲ್ಲಿ ಅರ್ಧ ಶುರುವಾಗೋದೇ ಅಲ್ಲಿಂದ. ಬಿಚ್ಚಿದ ಪ್ಲಗ್ಗನ್ನ ಕೀ ಜೊತೆ ಕಟ್ಟಿಡೋದು ಒಳ್ಳೆ ಅಭ್ಯಾಸ.

ಉಪ್ಪುಗಾಳಿ:

@ಪಂಪುಶೆಡ್ ಹೇಳಿದ್ದಕ್ಕೆ ಒಂದು ಬಾಲ. ಫ್ಲಶ್‌ಗೆ ಯಾವ ನೀರು? ಹೊಳೆಬದಿ ಬಾವಿಗಳು ಮಾರ್ಚ್ ಕಳೆದ ಮೇಲೆ ಉಪ್ಪಾಗ್ತವೆ. ಓಡಿಸೋಕೆ ಒಳ್ಳೆಯ ಕಾಲವೂ ಅದೇ. ನಾಲಗೆಗೆ ಎರಡು ಹನಿ ಹಾಕಿ ನೋಡಿ, ಸಪ್ಪೆ ಇಲ್ಲದಿದ್ದರೆ ಆ ನೀರಲ್ಲಿ ಫ್ಲಶ್ ಮಾಡಿ ಪ್ರಯೋಜನ ಇಲ್ಲ. ಪಂಚಾಯತ್ ನಲ್ಲಿ ನೀರನ್ನ ಸಿಂಟೆಕ್ಸಿನಲ್ಲಿ ತುಂಬಿಸಿಡಿ, ಟ್ಯಾಂಕ್ ಎತ್ತರದಲ್ಲಿರಲಿ.

ಅಳಿವೆಬಾಗಿಲು:

ಮೆಷಿನ್ ಮಾತು ಆಯ್ತು, ಓಡಿಸೋ ಮಾತು.

ಜೆಟ್ ಸ್ಕೀಗೆ ಚುಕ್ಕಾಣಿ ಹಲಗೆ ಇಲ್ಲ. ತಿರುಗೋದು ಹಿಂದೆ ಚಿಮ್ಮುವ ನೀರಿನ ದಿಕ್ಕು ಬದಲಾಗೋದರಿಂದ. ಆಕ್ಸಿಲರೇಟರ್ ಬಿಟ್ಟರೆ ನೀರು ಚಿಮ್ಮೋದಿಲ್ಲ, ಹ್ಯಾಂಡಲ್ ಎಷ್ಟು ತಿರುಗಿಸಿದರೂ ಗಾಡಿ ನೇರ ಹೋಗುತ್ತೆ. ಹೊಸಬರು ದೋಣಿ ಎದುರು ಬಂದಾಗ ಗಾಬರಿಯಲ್ಲಿ ಆಕ್ಸಿಲರೇಟರ್ ಬಿಡ್ತಾರೆ, ನೇರ ಹೋಗಿ ಗುದ್ದುತ್ತಾರೆ. ತಪ್ಪಿಸಿಕೊಳ್ಳಬೇಕು ಅಂದ್ರೆ ತಿರುಗಿಸ್ತಾ ಗ್ಯಾಸ್ (ಆಕ್ಸಿಲರೇಟರ್) ಕೊಡಬೇಕು. ಇದು ಕೈಗೆ ಬರೋ ತನಕ ಖಾಲಿ ನೀರಲ್ಲಿ, ಎರಡು ತೇಲುಬುಂಡೆ ನಡುವೆ ಅಭ್ಯಾಸ ಮಾಡಿ. ಸೀ-ಡೂನ ಐಬಿಆರ್, ಯಮಹಾದ ರೈಡ್, ಎರಡೂ ಬ್ರೇಕ್ ಹಾಗೆ ಕೆಲಸ ಮಾಡ್ತವೆ, ಇರೋ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ. ಐಬಿಆರ್ ಇಲ್ಲದ ಸ್ಪಾರ್ಕ್ ಸ್ಟಾರ್ಟ್ ಆದ ಕೂಡಲೇ ಮೆಲ್ಲಗೆ ಮುಂದೆ ಸರಿಯುತ್ತೆ, ದಕ್ಕೆ ಪಕ್ಕ ಅದು ಸುಖ ಅಲ್ಲ.

ಅಳಿವೆ ದಾಟೋದು ಬೆಳಿಗ್ಗೆ, ಭರತ ತುಂಬಿ ನಿಂತ ಹೊತ್ತಲ್ಲಿ. ಇಳಿತದಲ್ಲಿ ಹೊಳೆ ನೀರು ಹೊರಗೆ ನುಗ್ಗುತ್ತೆ, ಸಮುದ್ರದ ಅಲೆ ಒಳಗೆ ಬರುತ್ತೆ, ಎರಡೂ ಎದುರಾಬದುರಾದಾಗ ಅಲೆ ಗಿಡ್ಡವಾಗಿ, ಕಡಿದಾಗಿ ಮುರಿಯುತ್ತೆ. ಮಧ್ಯಾಹ್ನದ ಮೇಲೆ ಪಡುಗಾಳಿ ಎದ್ದರೆ ಇನ್ನೂ ಕಷ್ಟ. ಮರಳ ದಿಬ್ಬ ಪ್ರತಿ ಮಳೆಗಾಲ ಜಾಗ ಬದಲಾಯಿಸುತ್ತೆ, ಹೋದ ವರ್ಷದ ದಾರಿ ನಂಬಬೇಡಿ. ಬೋಟಿನವರನ್ನ ಕೇಳಿ.

ಸೊಂಟಕ್ಕಿಂತ ಕಮ್ಮಿ ನೀರಲ್ಲಿ ಸ್ಟಾರ್ಟ್ ಮಾಡಬೇಡಿ. ಪಂಪು ಅಡಿಯಿಂದ ಮರಳು, ಚಿಪ್ಪು ಎಲ್ಲಾ ಎಳೆಯುತ್ತೆ. ತಳ್ಳಿಕೊಂಡು ಆಳಕ್ಕೆ ಹೋಗಿ ಹತ್ತಿ.

ಬಲೆ ವಿಷಯ: ಬಲೆ ತೇಲಿಸುವ ಬುರುಡೆಗಳ ಸಾಲು ಕಂಡರೆ ನಡುವೆ ನುಗ್ಗಬೇಡಿ, ಸುತ್ತು ಹಾಕಿ. ಬಲೆ ಹಗ್ಗ ಇಂಪೆಲ್ಲರಿಗೆ (ಪಂಪಿನೊಳಗೆ ನೀರು ದೂಡುವ ರೆಕ್ಕೆಗೆ) ಸುತ್ತಿಕೊಂಡರೆ ನಿಮ್ಮ ಗಾಡಿ ನಿಲ್ಲುತ್ತೆ, ಅವರ ಬಲೆಯೂ ಹರಿಯುತ್ತೆ, ದುಡ್ಡು ಕೊಡಬೇಕಾದ್ದು ನೀವೇ. ನಾಡದೋಣಿ, ಮೀನಿನ ಪಂಜರ, ಮರುವಾಯಿ ಚಿಪ್ಪು ಹೆಕ್ಕುವವರು ಇರೋ ಕಡೆ ನಡಿಗೆಯ ವೇಗ. ಸೊಂಟಮಟ್ಟ ನೀರಲ್ಲಿ ಬಗ್ಗಿ ನಿಂತವರಿಗೆ ನಿಮ್ಮ ಅಲೆ ಮುಖಕ್ಕೆ ಬಡಿಯುತ್ತೆ.

ನೀವು ಬಿದ್ದರೆ ಎಂಜಿನ್ ನಿಲ್ಲಿಸುವ ಕಿಲ್ ಸ್ವಿಚ್ ಹಗ್ಗ ಕೈಗೆ ಅಥವಾ ಲೈಫ್ ಜಾಕೆಟ್ಟಿಗೆ ಕಡ್ಡಾಯ. ಗಾಳಿ ತುಂಬುವ ಜಾಕೆಟ್ ಬೇಡ, ಫೋಮ್ ಇರೋದೇ ಬೇಕು. ಕೆಳಗೆ ದಪ್ಪ ವೆಟ್‌ಸೂಟ್ ಚಡ್ಡಿ. ಇದನ್ನ ಯಾರೂ ನಾಚಿಕೆಗೆ ಹೇಳೋದಿಲ್ಲ: ಹಿಂದೆ ಕೂತವರು ಜೆಟ್‌ನ ಮುಂದೆ ಬಿದ್ದರೆ ನೀರು ಗುದದ್ವಾರ, ಯೋನಿಯೊಳಗೆ ನುಗ್ಗಿ ಕರುಳಿಗೆ, ಒಳ ಅಂಗಾಂಗಕ್ಕೆ ಏಟಾಗುತ್ತೆ. ಬರೀ ಈಜುಡುಗೆ, ಲುಂಗಿ ಸಾಲದು.

ಟ್ಯೂಬ್ ಎಳೆಯೋಕೆ ಮೂರು ಸೀಟೇ ಬೇಕು: ಓಡಿಸೋಕೆ ಒಬ್ಬ, ಹಿಂದೆ ನೋಡ್ತಾ ಕೂರೋಕೆ ಒಬ್ಬ, ಟ್ಯೂಬಿನಲ್ಲಿ ಇದ್ದವನು ಸೋತರೆ ಅವನಿಗೊಂದು. ಹಾಗಾಗಿ ಇಬ್ಬರ ಸ್ಪಾರ್ಕ್ ಅಲ್ಲಿಗೇ ಕಟ್ಟಾಯ್ತು.

ಹೊಳೆಬದಿಮನೆ:

ತುಂಬಾ ಉಪಕಾರ. ಪೆಟ್ರೋಲ್ ಎಷ್ಟು ಕುಡಿಯುತ್ತೆ? ಬಂಕಿನ ಇ20 (20% ಎಥನಾಲ್ ಬೆರೆಸಿದ ಪೆಟ್ರೋಲ್) ಹಾಕಬಹುದಾ? ಮಳೆಗಾಲದಲ್ಲಿ ನಾಲ್ಕು ತಿಂಗಳು ಶೆಡ್ಡಿನಲ್ಲಿ ಇಟ್ಟರೆ?

ಪಂಪುಶೆಡ್:

ಸ್ಪಾರ್ಕ್ ಟ್ಯಾಂಕ್ 30 ಲೀಟರ್. ಪೂರ್ತಿ ಗ್ಯಾಸ್‌ನಲ್ಲಿ ಗಂಟೆಗೆ ಸುಮಾರು 25 ಲೀಟರ್, ಹದವಾಗಿ ಹೋದರೆ ಅದರ ಅರ್ಧಕ್ಕಿಂತ ಕಮ್ಮಿ. ವಿಎಕ್ಸ್ ಟ್ಯಾಂಕ್ 70 ಲೀಟರ್, ಪೂರ್ತಿ ಗ್ಯಾಸ್‌ನಲ್ಲಿ ಗಂಟೆಗೆ 30 ದಾಟುತ್ತೆ. ಮೂರರಲ್ಲಿ ಒಂದು ಪಾಲು ಹೋಗೋಕೆ, ಒಂದು ಬರೋಕೆ, ಒಂದು ಮುಟ್ಟಬಾರದ್ದು. ವಾಪಸ್ ಬರುವಾಗ ಇಳಿತ ಎದುರಾದರೆ ಲೆಕ್ಕ ತಪ್ಪುತ್ತೆ.

ಎರಡೂ ಕಂಪನಿಯ ಮ್ಯಾನುವಲ್ ಒಪ್ಪೋದು ಹೆಚ್ಚೆಂದರೆ 10% ಎಥನಾಲ್. ಇ20 ಹಾಕಿದ ದಿನವೇ ಎಂಜಿನ್ ನಿಲ್ಲೋದಿಲ್ಲ, ತೊಂದರೆ ನಿಲ್ಲಿಸಿಟ್ಟಾಗ. ಎಥನಾಲ್ ಗಾಳಿಯ ತೇವ ಹೀರುತ್ತೆ. ಕರಾವಳಿ ಗಾಳಿ, ಅರ್ಧ ಖಾಲಿ ಟ್ಯಾಂಕ್, ಹದಿನೈದು ದಿನಕ್ಕೊಮ್ಮೆ ಬಳಕೆ: ಇದಕ್ಕಿಂತ ಕೆಟ್ಟ ಜೋಡಿ ಇಲ್ಲ. ತೇವ ಹೆಚ್ಚಾದಾಗ ನೀರು-ಎಥನಾಲ್ ಬೇರೆಯಾಗಿ ತಳಕ್ಕೆ ಕೂರುತ್ತೆ, ಪಂಪು ಹೀರೋದು ತಳದಿಂದಲೇ. ಎಥನಾಲ್ ಬೆರೆಸದ 100 ಆಕ್ಟೇನ್ ಪೆಟ್ರೋಲ್ ಕೆಲವು ದೊಡ್ಡ ಊರಿನ ಬಂಕುಗಳಲ್ಲಿ ಇರುತ್ತೆ, ದುಬಾರಿ. ಇಲ್ಲವಾದರೆ ಆ ವಾರಕ್ಕೆ ಬೇಕಾದಷ್ಟೇ ತುಂಬಿಸಿ, ಉಳಿದದ್ದನ್ನ ಹೀರಿ ತೆಗೆದು ಸ್ಕೂಟರಿಗೆ ಹಾಕಿ.

ಮಳೆಗಾಲಕ್ಕೆ: ಟ್ಯಾಂಕ್ ಖಾಲಿ, ಎಂಜಿನ್ ಆಯಿಲ್ ಹೊಸದು. ಆಯಿಲ್ ಕೆಳಗಿಂದ ಬಿಡೋ ಹಾಗಿಲ್ಲ, ಡಿಪ್‌ಸ್ಟಿಕ್ ತೂತಿನಿಂದ ವ್ಯಾಕ್ಯೂಮ್ ಪಂಪಿನಲ್ಲಿ ಹೀರಬೇಕು. ಬ್ಯಾಟರಿ ಬಿಚ್ಚಿ ಮನೆಯೊಳಗಿಟ್ಟು ತಿಂಗಳಿಗೊಮ್ಮೆ ಚಾರ್ಜ್. ಎಕ್ಸಾಸ್ಟ್ ಬಾಯಿಗೆ, ಗಾಳಿ ಎಳೆಯುವ ಬಾಯಿಗೆ ಜಾಲರಿ ಬಟ್ಟೆ. ಇಲಿಗೆ ಸೀಟಿನಡಿಯ ಜಾಗ ಅರಮನೆ, ವೈರ್ ಊಟ. ಟಾರ್ಪಾಲು ಬಿಗಿದು ಕಟ್ಟಬೇಡಿ, ಒಳಗೆ ಬೂಷ್ಟು ಹಿಡಿಯುತ್ತೆ.

ಟ್ರೇಲರ್ ಮರೀಬೇಡಿ. ದೂರದಿಂದ ಎಳೆದು ತಂದ ಕೂಡಲೇ ಚಕ್ರ ನೀರಿಗೆ ಇಳಿಸಿದರೆ ಬಿಸಿ ಬೇರಿಂಗ್ ಥಟ್ಟನೆ ತಣ್ಣಗಾಗಿ ಒಳಗಿನ ಗಾಳಿ ಕುಗ್ಗಿ ಉಪ್ಪುನೀರನ್ನ ಎಳಕೊಳ್ಳುತ್ತೆ. ಹದಿನೈದು ನಿಮಿಷ ಬಿಟ್ಟು ಇಳಿಸಿ.

ಮೂರುಪಾಲು:

ವರ್ಷಕ್ಕೆ ಎಂಟು ತಿಂಗಳು, ತಿಂಗಳಿಗೆ ಎರಡು ಸಲ ಅಂದ್ರೆ ಹದಿನಾರು ದಿನ. ಅದಕ್ಕೆ ಗಾಡಿ, ಟ್ರೇಲರ್, ಶೆಡ್ಡು, ಸರ್ವಿಸ್? ಮೂರು ಮನೆಯವರು ಸೇರಿ ತಗೊಳ್ಳಿ, ಇಲ್ಲಾ ಬಾಡಿಗೆಗೆ ಓಡಿಸಿ.

ಅಳಿವೆಬಾಗಿಲು:

ಬಾಡಿಗೆಯಲ್ಲಿ ಹತ್ತು ನಿಮಿಷಕ್ಕೆ ದುಡ್ಡು ಕೊಟ್ಟು ಹಿಂದೆ ಅವರ ಹುಡುಗನನ್ನ ಕೂರಿಸಿಕೊಂಡು ಒಂದು ಸುತ್ತು ಬರೋದಕ್ಕೂ, ಬೆಳಿಗ್ಗೆ ಆರೂವರೆಗೆ ಗಾಳಿ ಏಳುವ ಮೊದಲು ಕನ್ನಡಿ ಹಾಗಿರೋ ಹೊಳೆಯಲ್ಲಿ ನಿಂತುಕೊಂಡು ಓಡಿಸೋದಕ್ಕೂ ಹೋಲಿಕೆ ಇಲ್ಲ. ಪಾಲು ವ್ಯವಹಾರ ಸರಿ, ಆದರೆ ಫ್ಲಶ್ ಮಾಡೋದು ಯಾರು ಅಂತ ಮೊದಲೇ ಬರೆದಿಟ್ಟುಕೊಳ್ಳಿ. ಕೊನೆಗೆ ಓಡಿಸಿದವನೇ ತೊಳೆಯಬೇಕು. ಪಾಲು ಮುರಿಯೋದು ಅಲ್ಲೇ.

ಪಂಪುಶೆಡ್:

ನನ್ನ ಓಟು ವಿಎಕ್ಸ್‌ಗೆ. ಕಾರಣ ಎಚ್‌ಪಿ ಅಲ್ಲ, ರಿಪೇರಿ. ಸ್ಪಾರ್ಕ್ ಹಲ್ ಪ್ಲಾಸ್ಟಿಕ್ ಜಾತಿ, ಬಂಡೆಗೆ ಹೊಡೆದು ಬಿರುಕು ಬಿಟ್ಟರೆ ರೆಸಿನ್ ಕಚ್ಚೋದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಬೇಕು. ವಿಎಕ್ಸ್ ಫೈಬರ್ ಜಾತಿ, ಗಂಗೊಳ್ಳಿ ಬಂದರಿನಲ್ಲಿ ದೋಣಿಗೆ ಫೈಬರ್ ಹಚ್ಚುವವರೇ ತೇಪೆ ಹಾಕ್ತಾರೆ. ಸ್ಪಾರ್ಕಿನ ಲಾಭ ತೂಕ: ಸುಮಾರು 190 ಕೆ.ಜಿ., ಮರಳಲ್ಲಿ ಇಬ್ಬರು ಎಳೀಬಹುದು. ವಿಎಕ್ಸ್ ಮುನ್ನೂರು ದಾಟುತ್ತೆ, ನಾಲ್ಕು ಜನ ಬೇಕು.

ಆದರೆ ಬಾಡಿಗೆಗೆ ಓಡಿದ ವಿಎಕ್ಸ್ ಅಂದಿರಿ, ಪರೀಕ್ಷೆ ಗಟ್ಟಿ ಇರಲಿ. ಹಿಂದಿನ ದಿನ ಫೋನ್ ಮಾಡಿ "ನಾವು ಬರೋ ತನಕ ಸ್ಟಾರ್ಟ್ ಮಾಡಬೇಡಿ" ಅನ್ನಿ, ತಣ್ಣಗಿರೋ ಎಂಜಿನ್ನೇ ನಿಜ ಹೇಳೋದು. ಆಯಿಲ್ ಡಿಪ್‌ಸ್ಟಿಕ್ ಎಳೀರಿ. ಹಾಲು ಚಾ ಬಣ್ಣ ಇದ್ದರೆ ನೀರು ಸೇರಿದೆ, ಅಲ್ಲೇ ವಾಪಸ್ ಬನ್ನಿ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿಸಿ, ಸಿಲಿಂಡರುಗಳ ನಡುವೆ 10%ಗಿಂತ ವ್ಯತ್ಯಾಸ ಇರಬಾರದು. ಗಂಟೆ ಮೀಟರ್ ನೋಡಿ, ಆದರೆ ಅದಕ್ಕಿಂತ ಸ್ಟಾರ್ಟರ್ ಮೋಟಾರ್ ಮೈ, ಎಕ್ಸಾಸ್ಟ್ ಕ್ಲಾಂಪುಗಳ ತುಕ್ಕು ನೋಡಿ. ಉಪ್ಪು ಅಲ್ಲಿ ಮೊದಲು ಕಾಣುತ್ತೆ.

ಆಮೇಲೆ ಹಿಂದೆ ಮಂಡಿಯೂರಿ ಟಾರ್ಚ್ ಹಾಕಿ. ಇಂಪೆಲ್ಲರ್ ಎಲೆಯ ಅಂಚು ಚಾಕುವಿನ ಹಾಗೆ ನೇರ ಇರಬೇಕು, ಗರಗಸದ ಹಾಗಿದ್ದರೆ ಕಲ್ಲು ತಿಂದಿದೆ. ಎಲೆಯ ತುದಿಗೂ ಸುತ್ತಲಿನ ವೇರ್ ರಿಂಗಿಗೂ (ಸವೆಯುವ ಬಳೆ) ನಡುವೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ, ಮ್ಯಾನುವಲ್ ಹೇಳಿದ ಮಿತಿ ದಾಟಿದರೆ ರಿಂಗ್ ಬದಲಾಯಿಸುವ ಹೊತ್ತು ಬಂದಿದೆ, ಆ ಖರ್ಚು ಬೆಲೆಯಲ್ಲಿ ಇಳಿಸಿ. ಅದು ಸವೆದಾಗ ನೀರಲ್ಲಿ ಲಕ್ಷಣ ಹೀಗೆ: ಗ್ಯಾಸ್ ಕೊಟ್ಟರೆ ಆರ್‌ಪಿಎಂ ಏರುತ್ತೆ, ಗಾಡಿ ಏಳೋದಿಲ್ಲ, ಕ್ಲಚ್ ಜಾರಿದ ಬೈಕಿನ ಹಾಗೆ. ಪ್ಲಾಸ್ಟಿಕ್ ಕವರ್ ಸಿಕ್ಕಿದರೂ ಹಾಗೇ ಆಗುತ್ತೆ. ಎಂಜಿನ್ ಆಫ್ ಮಾಡಿ, ಕಿಲ್ ಸ್ವಿಚ್ ಹಗ್ಗ ಕಿತ್ತು, ಆಮೇಲೆ ಕೈ ಹಾಕಿ.

ಕಾಗದ: ಹಲ್ ಹಿಂಭಾಗದ 12 ಅಕ್ಷರದ ನಂಬರೂ, ಆಮದು ಕಾಗದದ ನಂಬರೂ ಒಂದೇ ಇರಬೇಕು. 2021ರ ಒಳನಾಡು ಹಡಗುಗಳ ಕಾಯ್ದೆ ಯಂತ್ರದಿಂದ ಓಡುವ ದೋಣಿಗಳಿಗೆ ನೋಂದಣಿ ಕೇಳುತ್ತೆ. ದುಡ್ಡು ಕೊಡುವ ಮೊದಲು ಬಂದರು ಕಚೇರಿಗೆ ಹೋಗಿ ಅರ್ಜಿ ಕೊಟ್ಟು ಉತ್ತರ ಬರೆಸಿಕೊಳ್ಳಿ.

ಹೊಳೆಬದಿಮನೆ:

ಶನಿವಾರ ವಿಎಕ್ಸ್ ನೋಡೋಕೆ ಹೋಗ್ತೇನೆ. ಒಂದು ಉಳೀತು: ನಡುನೀರಲ್ಲಿ ಮಗುಚಿದರೆ, ಕೆಟ್ಟು ನಿಂತರೆ?

ಅಳಿವೆಬಾಗಿಲು:

ಹಿಂಭಾಗದಲ್ಲಿ ತಲೆಕೆಳಗಾಗಿ ಅಂಟಿಸಿದ ಸ್ಟಿಕ್ಕರ್ ಇರುತ್ತೆ, ಮಗುಚಿದಾಗಲೇ ಓದೋಕೆ ಬರೋದು. ಬಾಣ ತೋರಿಸಿದ ಕಡೆಗೇ ತಿರುಗಿಸಿ, ಇನ್ನೊಂದು ಕಡೆ ತಿರುಗಿಸಿದರೆ ಎಕ್ಸಾಸ್ಟಿನ ನೀರು ಎಂಜಿನ್ನಿಗೆ ಇಳಿಯುತ್ತೆ. ಆ ಸ್ಟಿಕ್ಕರ್ ಇದೆಯಾ ಅಂತ ಶನಿವಾರವೇ ನೋಡಿ, ಬಾಡಿಗೆ ಗಾಡಿಗಳಲ್ಲಿ ಕಿತ್ತು ಹೋಗಿರುತ್ತೆ. ಕೆಟ್ಟ ಯಮಹಾವನ್ನ ದೋಣಿಗೆ ಕಟ್ಟಿ ಎಳೆಸುವಾಗ ಗಂಟೆಗೆ 8 ಕಿ.ಮೀ. ಮೀರಬಾರದು. ವೇಗವಾಗಿ ಎಳೆದರೆ ಪಂಪಿನಿಂದ ನೀರು ಒಳಗೆ ನುಗ್ಗುತ್ತೆ. ಎಳೆಯೋ ಬೋಟಿನವನಿಗೆ ಹಗ್ಗ ಕೊಡುವ ಮೊದಲೇ ಇದನ್ನ ಹೇಳಿ, ಆಮೇಲೆ ಕೂಗಿದರೆ ಎಂಜಿನ್ ಸದ್ದಲ್ಲಿ ಅವನಿಗೆ ಕೇಳೋದಿಲ್ಲ.