ಗುಜರಿ ರಾಜಣ್ಣನೂ ನಕ್ಷತ್ರದ ಕಬ್ಬಿಣವೂ

ವಿಜ್ಞಾನ ಅಂದರೆ ನಮಗೆಲ್ಲ ಕಬ್ಬಿಣದ ಕಡಲೆ. ಗುಜರಿ ಅಂಗಡಿಯ ರಾಜಣ್ಣನಿಗೆ ಮಾತ್ರ ಅದರಲ್ಲಿ ಕಬ್ಬಿಣವಷ್ಟೇ ಕೇಳಿಸುತ್ತದೆ. ಶೀನು ಮೇಷ್ಟ್ರು "ನಕ್ಷತ್ರ ಸಿಡಿದು ಭೂಮಿಗೆ ಕಬ್ಬಿಣ ಬಿದ್ದಿದೆ" ಅಂದದ್ದೇ ತಡ, ಟೀ ಲೋಟ ಹಿಡಿದು ಹತ್ತಿರ ಸರಿದ.

"ಎಲ್ಲಿ ಮೇಷ್ಟ್ರೆ?"

"ಪೆಸಿಫಿಕ್ ಸಾಗರದ ತಳದಲ್ಲಿ. ಅಲ್ಲಿ ಬಂಡೆ ಮೇಲೆ ಕಬ್ಬಿಣ, ಮ್ಯಾಂಗನೀಸ್ ಪದರ ಪದರವಾಗಿ ಕಟ್ಟಿಕೊಳ್ಳುತ್ತೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್."

"ನಮ್ಮ ವಾರ್ಡಿನ ಚರಂಡಿ ಕೆಲಸಕ್ಕಿಂತ ವಾಸಿ ಬಿಡಿ."

"1999ರಲ್ಲಿ ಜರ್ಮನಿಯ ಮ್ಯೂನಿಕ್‌ನವರು ಆ ಪದರದಲ್ಲಿ ಕಬ್ಬಿಣ-60 ಸಿಕ್ಕಿದೆ ಅಂದರು. ಮಾಮೂಲಿ ಕಬ್ಬಿಣಕ್ಕಿಂತ ನಾಲ್ಕು ನ್ಯೂಟ್ರಾನ್ ಜಾಸ್ತಿ ಇರುತ್ತೆ."

"ತೂಕ ಜಾಸ್ತಿ ಅಂದ್ರೆ ರೇಟೂ ಜಾಸ್ತಿ, ಅಲ್ವಾ?"

"ಇರಪ್ಪಾ. ಅದು ಇಟ್ಟ ಹಾಗೆ ಇರೋ ಮಾಲಲ್ಲ. 26 ಲಕ್ಷ ವರ್ಷದಲ್ಲಿ ಅರ್ಧ ಖಾಲಿ. ಮೊದಲು ಕೋಬಾಲ್ಟ್, ಆಮೇಲೆ ನಿಕ್ಕಲ್ ಆಗಿಬಿಡುತ್ತೆ."

"ನಿಕ್ಕಲ್ಲಾ! ಹಾಗಿದ್ರೆ ಕಾಯೋಣ ಸಾರ್. ಒಳ್ಳೆ ರೇಟಿದೆ."

ಅದು ನಕ್ಷತ್ರದ್ದೇ ಅಂತ ಹೇಗೆ ಹೇಳ್ತೀರಿ ಅಂತ ನಾನು ಕೇಳಿದೆ. ಮೇಷ್ಟ್ರು ಸುಮ್ನೆ ಬಿಡುವವರಲ್ಲ. ಭೂಮಿಗೆ ಸುಮಾರು 450 ಕೋಟಿ ವರ್ಷ. ಹುಟ್ಟುವಾಗ ಕಬ್ಬಿಣ-60 ಇದ್ದಿದ್ದರೂ ಅದು ಯಾವತ್ತೋ ಮುಗಿದಿದೆ. ಈಗ ಸಿಕ್ಕಿದ್ದು ಆಮೇಲೆ ಹೊರಗಿಂದ ಬಂದದ್ದು. ದೊಡ್ಡ ನಕ್ಷತ್ರಗಳ ಒಳಗೆ ತಯಾರಾಗಿ, ಸಿಡಿದಾಗ ದೂಳಿನ ಜೊತೆ ಹಾರುತ್ತದೆ. 2016ರಲ್ಲಿ ಅಟ್ಲಾಂಟಿಕ್ ಮತ್ತು ಹಿಂದೂ ಮಹಾಸಾಗರದ ತಳದಲ್ಲೂ ಇದೆ ಅಂತ ಗೊತ್ತಾಯಿತು. ಅಪೋಲೋದವರು ತಂದ ಚಂದ್ರನ ಮಣ್ಣಿನಲ್ಲೂ ಇತ್ತು. ಹೆಚ್ಚಿನದು ಬಿದ್ದದ್ದು 32ರಿಂದ 17 ಲಕ್ಷ ವರ್ಷದ ಹಿಂದೆ, ನಮ್ಮ ಪೂರ್ವಜರು ಕಲ್ಲು ಕೆತ್ತಿಕೊಂಡಿದ್ದ ಕಾಲದಲ್ಲಿ.

"2019ರಲ್ಲಿ ಇನ್ನೊಂದು ಸುದ್ದಿ. ಅಂಟಾರ್ಕ್ಟಿಕಾದಿಂದ 500 ಕೆಜಿ ಹಿಮ ಹೊತ್ತು ತಂದು, ಕರಗಿಸಿ, ಸೋಸಿ ಹುಡುಕಿದರು. ಇಪ್ಪತ್ತು ವರ್ಷವೂ ಆಗದ ಹೊಸ ಹಿಮ ಅದು."

"ಎಷ್ಟು ಸಿಕ್ತು?"

"ಬೆರಳೆಣಿಕೆಯಷ್ಟು ಪರಮಾಣು."

ರಾಜಣ್ಣ ಲೋಟ ಕೆಳಗಿಟ್ಟ. "ಅರ್ಧ ಟನ್ ಲೋಡಿಗೆ ಇಷ್ಟೇನಾ? ಲಾರಿ ಬಾಡಿಗೆಯೂ ಹುಟ್ಟಲ್ಲ!"

"ಅದನ್ನ ಎಣಿಸೋದೂ ಕಷ್ಟ. ನಿಕ್ಕಲ್-60 ಅಂತ ಹೆಚ್ಚುಕಡಿಮೆ ಅಷ್ಟೇ ತೂಕದ ಇನ್ನೊಂದಿದೆ. ಎರಡನ್ನೂ ವೇಗವಾಗಿ ಓಡಿಸಿ, ಆಯಸ್ಕಾಂತದಿಂದ ಬೇರೆ ಮಾಡಬೇಕು."

"ಕಲಬೆರಕೆ ವಿಷಯ ನನಗೆ ಹೇಳ್ಬೇಡಿ. ಹಿತ್ತಾಳೆ ಅಂತ ಪಾಲಿಶ್ ಹೊಡೆದ ಕಬ್ಬಿಣ ದಿನಾ ನೋಡ್ತೀನಿ. ಇರಲಿ, ಮುಂದಿನ ಸಿಡಿತ ಯಾವಾಗ?"

"ಆರಿದ್ರಾ ನಕ್ಷತ್ರ ಇದೆಯಲ್ಲ, ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದಲ್ಲಿ ಕೆಂಪಗೆ ಕಾಣೋದು? ಇಂಗ್ಲಿಷಿನವರು ಬೀಟಲ್‌ಜ್ಯೂಸ್ ಅಂತಾರೆ. ಅದು ಒಂದಲ್ಲ ಒಂದು ದಿನ ಸಿಡಿಯೋದೇ. ಲಕ್ಷ ವರ್ಷ ಹಿಡಿದರೂ ಹಿಡೀಬಹುದು. ತುಂಬಾ ದೂರ, ನಮಗೇನೂ ಆಗಲ್ಲ. 2019ರ ಕೊನೆಗೆ ಮಂಕಾಗಿತ್ತು, ಇನ್ನೇನು ಸಿಡಿಯಿತು ಅಂತ ಕಾದರು. ನೋಡಿದರೆ ಅದೇ ಉಗುಳಿದ ದೂಳು ಅಡ್ಡ ಬಂದಿತ್ತು."

ರಾಜಣ್ಣನ ಮುಖ ಸಪ್ಪಗಾಯಿತು. "ನನ್ನ ಜನ್ಮನಕ್ಷತ್ರ ಆರಿದ್ರಾ! ನನ್ನ ವ್ಯಾಪಾರ ಮಂಕಾಗಿದ್ದೂ ಆಗಲೇ, ನೋಡಿ."

"ಅಯ್ಯೋ ಮಾರಾಯ, ಆ ಬೆಳಕು ಅಲ್ಲಿಂದ ಹೊರಟು 500 ವರ್ಷದ ಮೇಲಾಗಿದೆ. ಆಗ ನಿನ್ನ ಅಂಗಡಿ ಇತ್ತಾ?"

"ಅಂಗಡಿ ಇರಲಿಲ್ಲ. ಶನಿ ಮಾತ್ರ ಆಗಲೇ ಹೊರಟಿತ್ತು ಅನ್ನಿ."