ಅಪ್‌ಡೇಟ್: ಮುತ್ತಜ್ಜನ ಲೈನಲ್ಲಿ ಇಟಲಿ ಪೌರತ್ವ, ಕೊನೆಗೆ ಏನಾಯ್ತು ಅಂದ್ರೆ

ಹಿಂದೆ ಕೇಳಿದ್ನಲ್ಲ, ನಮ್ಮನೆಯವ್ರು ನ್ಯೂಜೆರ್ಸಿಯವ್ರು, ಅವ್ರ ಮುತ್ತಜ್ಜ ದಕ್ಷಿಣ ಇಟಲಿಯ ಕಲಾಬ್ರಿಯಾ ಪ್ರದೇಶದ ಒಂದು ಊರಿಂದ ಬಂದವ್ರು, ಆ ಲೈನಲ್ಲಿ ಇಟಲಿ ಪಾಸ್‌ಪೋರ್ಟ್ ಸಿಗತ್ತಾ ಅಂತ. ಸಿಗಲ್ಲ.

ಆ ಊರಿನ ಕೊಮೂನೆ, ಅಂದ್ರೆ ನಮ್ಮ ಪುರಸಭೆ ಥರ, ಅಲ್ಲಿಂದ ಮುತ್ತಜ್ಜನ ಜನನ ದಾಖಲೆ ಬೇಗನೇ ಬಂತು. ಅದ್ರಲ್ಲಿ ಹೆಸ್ರು ಜುಸೆಪ್ಪೆ, ಇಲ್ಲಿ ಮದ್ವೆ ಸರ್ಟಿಫಿಕೇಟಲ್ಲಿ ಜೋಸೆಫ್, ಸರ್‌ನೇಮಲ್ಲಿ ಒಂದು ಟಿ ಮಾಯ, ಸರಿ ಅದನ್ನ ತಿದ್ದಿಸೋಣ, ಅಪೋಸ್ಟಿಲ್ (ದಾಖಲೆ ಬೇರೆ ದೇಶದಲ್ಲಿ ನಡೆಯಕ್ಕೆ ಹಾಕೋ ಸರ್ಕಾರಿ ದೃಢೀಕರಣ) ಮಾಡ್ಸೋಣ, ಅನುವಾದ ಮಾಡ್ಸೋಣ ಅಂತ ಓಡಾಡ್ತಿರ್ಬೇಕಾದ್ರೆ ಮುತ್ತಜ್ಜನ ಅಮೆರಿಕ ಪೌರತ್ವದ ಪೇಪರ್ ಸಿಕ್ತು ನೋಡಿ, 1927ರದ್ದು. ಆಗ ಅವ್ರ ಮಗಂಗೆ, ಅಂದ್ರೆ ನಮ್ಮನೆಯವ್ರ ಅಜ್ಜಂಗೆ, ಎಂಟು ವರ್ಷ. ಇಟಲಿ ಸರ್ಕಾರದ 2024ರ ಅಕ್ಟೋಬರ್ ಸುತ್ತೋಲೆ ಪ್ರಕಾರ ಮಗ ಮೈನರ್ ಇದ್ದಾಗ್ಲೇ ಅಪ್ಪ ಬೇರೆ ದೇಶದ ಪ್ರಜೆ ಆದ್ರೆ ಕೊಂಡಿ ಅಲ್ಲೇ ಕಟ್.

ಅದೂ ಸಾಲ್ದು ಅಂತ 2025 ಮಾರ್ಚ್ 28ಕ್ಕೆ ಸುಗ್ರೀವಾಜ್ಞೆ ಬಂತು, ಮೇನಲ್ಲಿ ಕಾಯ್ದೇನೂ ಆಯ್ತು. ಈಗ ಹೆಚ್ಚುಕಮ್ಮಿ ಅಪ್ಪ-ಅಮ್ಮ ಇಲ್ಲಾ ಅಜ್ಜ-ಅಜ್ಜಿ ತನಕ ಮಾತ್ರ, ಮುತ್ತಜ್ಜನ್ನ ಮರ್ತುಬಿಡಿ. ಮಾರ್ಚ್ 27ರೊಳಗೆ ಅರ್ಜಿ ಹಾಕಿದ್ದವ್ರಿಗೆ, ಅಪಾಯಿಂಟ್‌ಮೆಂಟ್ ಕನ್ಫರ್ಮ್ ಆಗಿದ್ದವ್ರಿಗೆ ಹಳೇ ರೂಲ್ಸೇ. ನಮಗೆ ಸ್ಲಾಟೇ ಸಿಕ್ಕಿರ್ಲಿಲ್ಲ, 600 ಯೂರೋ ಫೀಸಾದ್ರೂ ಉಳೀತು ಅನ್ಕೊಂಡ್ವಿ.

ನೀವ್ಯಾರಾದ್ರೂ ಹೊರಟಿದ್ರೆ ಮೊದ್ಲು ಆ ಪೌರತ್ವದ ಪೇಪರ್ ಹುಡುಕಿ, ಅಪೋಸ್ಟಿಲ್ ಆಮೇಲೆ. ನಾವು ಉಲ್ಟಾ ಮಾಡಿದ್ವಿ.

ಅತ್ತೆ ಮಾತ್ರ ಆ ಜನನ ದಾಖಲೆಗೆ ಫ್ರೇಮ್ ಹಾಕ್ಸಿ ಹಾಲಲ್ಲಿ ನೇತಾಕಿದಾರೆ. ಕೆಳಗಡೆ ಗುಮಾಸ್ತ ಬರ್ದಿದಾನೆ, ಮಗುವಿನ ಅಪ್ಪಂಗೆ ಬರೆಯಕ್ಕೆ ಬರಲ್ಲ, ಹಂಗಾಗಿ ಸಹಿ ಇಲ್ಲ ಅಂತ.